ಮಾತಿಗೆ ಮುಂಚಿನ ಒಂದು ನಿಮಿಷ

ಇಪ್ಪತ್ತು ಪೌಂಡು ಕೊಟ್ಟೆ. ಮಾರುವವನು ಕೇಳಿದ್ದು ಇಪ್ಪತ್ತು, ನಾನು ಕೊಟ್ಟಿದ್ದೂ ಇಪ್ಪತ್ತು. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳೆಯ ರೇಡಿಯೋ, ಟೇಪ್ ರೆಕಾರ್ಡರು, ಟಿವಿಗಳನ್ನು ಕೊಂಡು ಮಾರಿ ಜೀವಮಾನವಿಡೀ ಹೊಟ್ಟೆ ಹೊರೆದವನು ನಾನು. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗಿನಿಂದ ಮಾತು ಶುರು ಮಾಡುವುದು ನನ್ನ ಅಭ್ಯಾಸ. ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನ ಲೆಸ್ಟರ್ ಹೊರವಲಯದ ಒಂದು ಮನೆಯಲ್ಲಿ ತೀರಿಹೋದವರ ಸಾಮಾನು ಮಾರುತ್ತಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಮುಚ್ಚಳ ಎತ್ತಿದೆ. ಒಳಗೆ ಅಗಲವಾದ ಹಳೆಯ ರೀಲ್ ಟೇಪುಗಳು, ಮೂಗಿಗೆ ಹೊಡೆದದ್ದು ವಿನೆಗರ್ ವಾಸನೆ. ಕೆಲವು ಜಾತಿಯ ಟೇಪು ಕೆಡಲು ಶುರುವಾದಾಗ ಹಾಗೆ ಹುಳಿ ಹುಳಿಯಾಗಿ ನಾರುತ್ತದೆ. ಆ ಟೇಪುಗಳಿಂದ ನನಗೆ ಯಾವ ಉಪಯೋಗವೂ ಇಲ್ಲ, ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ಕೊಂಡೆ. ನನ್ನಂಥವನ ಕೈಗೆ ಅವು ಸಿಗದಿರಲಿ ಎಂದು ಕೊಂಡೆ.

ಆ ವಾಸನೆ ನಮ್ಮ ಪಕ್ಕದ ಮನೆಯ ಡಾಕ್ಟರಮ್ಮನ ಟೇಪುಗಳದು. ಸುತ್ತಿ ಬಳಸಿ ಹೇಳುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವರ ಹತ್ತಿರ ಒಂದು ಟೇಪಿತ್ತು. ಅದರ ಮೊದಲ ಒಂದು ನಿಮಿಷದಲ್ಲಿ ಯಾರೂ ಮಾತಾಡುವುದಿಲ್ಲ. ಅಮೆರಿಕದಲ್ಲಿದ್ದ ಒಬ್ಬ ವಯಸ್ಸಾದ ತಾಯಿಗೆ ಆ ಒಂದು ನಿಮಿಷ ಬೇಕಾಗಿತ್ತು, ಬೇರೇನೂ ಬೇಕಾಗಿರಲಿಲ್ಲ. ಅದನ್ನು ಅಳಿಸಿದವನು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಲೆಸ್ಟರಿಗೆ ಬಂದೆವು. ಬಂದದ್ದು ಹೆಂಡತಿಯ ಕೆಲಸದ ಮೇಲೆ. ಅವಳು ನರ್ಸು, ಸರ್ಕಾರಿ ಆಸ್ಪತ್ರೆಯಲ್ಲಿ ಡ್ಯೂಟಿ. ನಾನು ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಕಲಿತವನು, ಹೇಳಿಕೊಳ್ಳುವ ಡಿಗ್ರಿ ಇಲ್ಲ. ಭಾನುವಾರ ಜನ ಕಾರಿನ ಡಿಕ್ಕಿಯಲ್ಲಿ ಹಳೆ ಸಾಮಾನು ತಂದು ಮಾರುವ ಕಾರ್ ಬೂಟ್ ಸೇಲುಗಳಲ್ಲಿ ಕೆಟ್ಟ ಸಾಮಾನು ಕೊಂಡು, ಸರಿಮಾಡಿ ಮಾರುತ್ತ ಬೆಲ್‌ಗ್ರೇವ್ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಅಂಗಡಿ ಹಾಕಿದೆ. ಅಂಗಡಿ ನಿಂತದ್ದು ಮದುವೆ ವಿಡಿಯೋಗಳ ಮೇಲೆ. ಗುಜರಾತಿ ಮನೆಗಳವರು ಹಳೆಯ ವಿಡಿಯೋ ಕ್ಯಾಸೆಟ್ ತರುತ್ತಿದ್ದರು, ನಾನು ಸಿಡಿ ಮಾಡಿಕೊಡುತ್ತಿದ್ದೆ. ನಾಲ್ಕು ಗಂಟೆಯ ಮದುವೆಯನ್ನು ಯಾರು ನೋಡುತ್ತಾರೆ? ಬೇಡದ್ದನ್ನು ತೆಗೆದುಬಿಡಿ ಎನ್ನುತ್ತಿದ್ದರು. ವರ ಬರುವ ತನಕದ ಖಾಲಿ ಕುರ್ಚಿಗಳು, ಚಪ್ಪಲಿ ಹುಡುಕುವವರು, ಸುಮ್ಮನೆ ಕೂತ ಅಜ್ಜಿಯರು, ಎಲ್ಲ ಕತ್ತರಿ. ಕೈ ಚುರುಕಾಯಿತು, ಹೆಸರೂ ಬಂತು. ಮಾತಿಲ್ಲದ ಜಾಗ ಎಂದರೆ ದಂಡ ಎಂಬುದು ನನ್ನ ತಲೆಯಲ್ಲಿ ಕೂತದ್ದು ಹಾಗೆ.

ಮನೆ ಸಾಲುಮನೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಬುಧವಾರ ಅಂಗಡಿ ಅರ್ಧ ದಿನ, ಮಧ್ಯಾಹ್ನ ಮನೆಯಲ್ಲಿರುತ್ತಿದ್ದೆ. ಒಂದು ಬುಧವಾರ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು:

“ರೀ, ಬಾಜೂ ಮನ್ಯಾಗ ಆ ರಿಟೈರ್ ಆದ ಡಾಕ್ಟರ್ ಒಬ್ಬರ ಇರ್ತಾರಲ್ಲ?”

“ಹೌದು, ಒಬ್ಬರ.”

“ಮತ್ತ ಇಷ್ಟ ಮಂದಿ ಯಾವಾಗ ಬರ್ತಾರ, ಯಾವಾಗ ಹೋಗ್ತಾರ?”

ಆಮೇಲೆ ನಾನೂ ಕಿವಿಗೊಟ್ಟೆ. ಗೋಡೆಯಾಚೆ ಅಮೆರಿಕನ್ ಇಂಗ್ಲಿಷು. ಒಂದು ಹೆಣ್ಣು ದನಿ, ಎಳೆಯದು, ಪ್ರಶ್ನೆ ಕೇಳುತ್ತಿತ್ತು. ಉತ್ತರಿಸುವವರು ಪ್ರತಿ ಸಲ ಬೇರೆ. ಒಬ್ಬ ಮುದುಕ ಬಾಡಿಗೆ ಮನೆಯಿಂದ ಹೊರಹಾಕಿದ್ದನ್ನು ಹೇಳುತ್ತಿದ್ದ. ಇನ್ನೊಬ್ಬ ತನ್ನ ಬಣ್ಣದ ಕಾರಣಕ್ಕೆ ಹನ್ನೊಂದು ವರ್ಷ ಬಡ್ತಿಯಿಲ್ಲದೆ ಕಾರ್ಖಾನೆಯ ಒಂದೇ ಯಂತ್ರದ ಮುಂದೆ ನಿಂತದ್ದನ್ನು. ಆಸ್ಪತ್ರೆಯ ಬಿಲ್ಲು, ಬೀದಿ ಮೂಲೆಯ ಪೊಲೀಸರು, ಯುದ್ಧಕ್ಕೆ ಕಳಿಸಿದ ಮಕ್ಕಳು... ಒಂದು ದಿನ ನಮ್ಮ ಟಿವಿಯಲ್ಲಿ ಅಮೆರಿಕದ ಸುದ್ದಿ ಬರುತ್ತಿತ್ತು. ಒಬ್ಬ ಹೆಂಗಸು ಮೈಕಿನ ಮುಂದೆ, ನನ್ನ ಮಗನನ್ನು ಯಾಕೆ ಕಳಿಸಿದಿರಿ ಎಂದು ಕೇಳುತ್ತಿದ್ದಳು. ಹೆಂಡತಿ ಟಿವಿ ಆರಿಸಿದಳು. ಗೋಡೆಯೊಳಗಿಂದ ಇನ್ನೊಬ್ಬ ಹೆಂಗಸು ಅದೇ ಮಾತನ್ನು ಮುಂದುವರಿಸಿದಳು. ನಾವಿಬ್ಬರೂ ಟಿವಿಯ ಕಪ್ಪು ಗಾಜನ್ನೇ ನೋಡುತ್ತ ನಿಂತೆವು.

ಆದರೆ ನನಗೆ ಮೈ ಜುಂ ಎನ್ನುತ್ತಿದ್ದದ್ದು ಮಾತಿನಿಂದಲ್ಲ. ಪ್ರತಿಯೊಬ್ಬರೂ ಮಾತು ಶುರು ಮಾಡುವ ಮುಂಚೆ ಸುಮಾರು ಒಂದು ನಿಮಿಷ ಏನೂ ಇರುತ್ತಿರಲಿಲ್ಲ. ಯಂತ್ರ ನಿಂತಾಗ ಆಗುವ ನಿಶ್ಶಬ್ದ ನನಗೆ ಗೊತ್ತು, ಅದು ಬೇರೆ. ಇದು ಒಂದು ಕೋಣೆ ಉಸಿರು ಬಿಗಿಹಿಡಿದು ಕಾಯುತ್ತಿರುವ ಹಾಗೆ.

ಎರಡು ಸಾವಿರದ ಎರಡೋ ಮೂರೋ ಇರಬೇಕು, ಒಂದು ಬೆಳಿಗ್ಗೆ ಅವರೇ ಅಂಗಡಿಗೆ ಬಂದರು. ತರಕಾರಿ ತರುವ ಗಾಲಿ ಚೀಲದಲ್ಲಿ ದೊಡ್ಡ ರೀಲ್ ಟೇಪ್ ರೆಕಾರ್ಡರು. ಅರವತ್ತು ದಾಟಿದ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲಿ ಬಳೆ ಬದಲು ದೊಡ್ಡ ಗಡಿಯಾರ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅವರು ಮೈಸೂರು ಕನ್ನಡದಲ್ಲಿ ಉತ್ತರ ಕೊಟ್ಟರು.

“ನಾನು ಪಕ್ಕದ ಮನೆಯವಳು. ನಿಮ್ಮನೆ ಜಗಳ ಎಲ್ಲಾ ಕನ್ನಡದಲ್ಲೇ ಕೇಳಿಸತ್ತೆ. ಹೆದರ್ಬೇಡಿ, ನಾನು ಡಾಕ್ಟರು, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲ್ಲ.”

ಯಂತ್ರದ ಬೆಲ್ಟು ಹರಿದಿತ್ತು, ಆ ಬೆಲ್ಟು ಆಗಲೇ ಎಲ್ಲೂ ಸಿಗುತ್ತಿರಲಿಲ್ಲ. ಸ್ಟೂಲು ಎಳೆದು ಕೂರಿಸಿ, ಟೀ ತರಿಸಿ, ಒಳಗೇನಿದೆ ಎಂದು ಕೇಳಿದೆ. ಗಿರಾಕಿಯ ಕಥೆ ಕೇಳಿದರೆ ಗಿರಾಕಿ ಬೆಲೆ ಕೇಳುವುದನ್ನು ಮರೆಯುತ್ತಾನೆ, ಅದು ನನ್ನ ಲೆಕ್ಕಾಚಾರ. ಅವರು ಹೇಳಿದರು. ಇಂಗ್ಲೆಂಡಿಗೆ ಬರುವ ಮುಂಚೆ, ಎಪ್ಪತ್ತರ ದಶಕದ ಆರಂಭದಲ್ಲಿ, ಅಮೆರಿಕದ ಒಂದು ಕಾರ್ಖಾನೆ ಊರಿನ ಆಸ್ಪತ್ರೆಯಲ್ಲಿ ಅವರು ಡಾಕ್ಟರಾಗಿದ್ದರಂತೆ. ಊರಿನ ಹೆಸರು ಅವರು ಯಾವತ್ತೂ ಹೇಳಲಿಲ್ಲ. ಅಲ್ಲಿ ಜನರೇ ಸೇರಿ ನಡೆಸುವ ಒಂದು ಪುಟ್ಟ ರೇಡಿಯೋ ಇತ್ತು. ಭಾನುವಾರ ರಜೆ ಸಿಕ್ಕಾಗ ಡಾಕ್ಟರಮ್ಮ ಈ ಯಂತ್ರ ಹೊತ್ತುಕೊಂಡು ಜನರ ಮನೆಗೇ ಹೋಗಿ ಸಂದರ್ಶನ ಮಾಡುತ್ತಿದ್ದರು. ನ್ಯಾಯ ಸಿಗದವರ ಸಂದರ್ಶನ. ಡಾಕ್ಟರಿಗೆ ಅದೇನು ಹೊಸದಲ್ಲ, ರೋಗಿಯನ್ನು ಕೇಳುವ ಹಾಗೇ ಕೇಳುತ್ತಿದ್ದೆ ಎಂದರು. ಎಲ್ಲಿ ನೋವು, ಯಾವಾಗ ಶುರುವಾಯಿತು, ಆಗ ನೀವು ಏನು ಮಾಡಿದಿರಿ.

ಗೋಡೆಯಾಚೆಯ ಆ ಎಳೆಯ ದನಿ ಇವರದೇ ಎಂದು ನನಗೆ ಆಗ ಗೊತ್ತಾಯಿತು. ಅವರು ಮೂವತ್ತು ವರ್ಷ ಹಿಂದಿನ ತಮ್ಮ ಪ್ರಶ್ನೆಗಳನ್ನು ತಾವೇ ಕೂತು ಕೇಳುತ್ತಿದ್ದರು.

ಮಾತಿಗೆ ಮುಂಚಿನ ಆ ಒಂದು ನಿಮಿಷ ಏನು ಎಂದು ವಿಚಾರಿಸಿದೆ. ಮುಖ ಬೆಳಗಿತು, ಯಾರೂ ಅದನ್ನು ಕೇಳಿರಲಿಲ್ಲವೇನೋ. ರೇಡಿಯೋದ ಇಂಜಿನಿಯರ್ ಕಲಿಸಿದ ಪದ್ಧತಿಯಂತೆ. ಮಾತು ಶುರು ಮಾಡುವ ಮುಂಚೆ ಯಂತ್ರ ಹಾಕಿ, ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಆಮೇಲೆ ಮಾತು ಕತ್ತರಿಸಿ ಜೋಡಿಸುವಾಗ, ಕತ್ತರಿಸಿದ್ದು ಗೊತ್ತಾಗದಂತೆ, ಸಂದಿಗೆ ಆ ನಿಶ್ಶಬ್ದವನ್ನು ತುಂಬುತ್ತಾರೆ.

“ಪ್ರತಿ ಕೋಣೆಗೂ ಅದರದೇ ಮೌನ ಇರತ್ತೆ. ಒಂದು ಕೋಣೆದು ತಗೊಂಡು ಇನ್ನೊಂದಕ್ಕೆ ಹಾಕಿದ್ರೆ ಕಿವಿ ತಕ್ಷಣ ಹಿಡಿದುಬಿಡತ್ತೆ,” ಎಂದರು.

ನಾನು ತಲೆಯಾಡಿಸಿದೆ. ತಲೆಯಲ್ಲಿ ನಡೆಯುತ್ತಿದ್ದದ್ದು ಬೇರೆ. ಅವರ ಮನೆಯಲ್ಲಿ ಇಂಥ ನಲವತ್ತು ರೀಲು ಇದ್ದವು. ಎಲ್ಲವನ್ನೂ ಸಿಡಿಗೆ ಹಾಕಿಕೊಡುತ್ತೇನೆ, ಅರ್ಧ ಬೆಲೆಗೇ ಹಾಕಿಕೊಡುತ್ತೇನೆ, ಆದರೆ ಕೆಲಸ ಮುಗಿದ ಮೇಲೆ ರೀಲುಗಳು ನನ್ನವು ಎಂದೆ. ಒಳ್ಳೆಯ ರೀಲು ಅಳಿಸಿ ಮಾರಿದರೆ ಹಾಡು ಕಟ್ಟುವ ಹುಡುಗರು ಕೊಳ್ಳುತ್ತಿದ್ದ ಕಾಲ ಅದು. ಇಟ್ಟುಕೊಂಡು ಏನು ಮಾಡುತ್ತೀರಿ ಮೇಡಂ, ವಾಸನೆ ಬೇರೆ, ಎಂದು ನಾನೇ ಒಪ್ಪಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ರೀಲುಗಳನ್ನು ತಂದುಕೊಟ್ಟ ದಿನ ಒಂದನ್ನು ಮಾತ್ರ ಬೇರೆ ತೆಗೆದು ಕೈಗೆ ಕೊಟ್ಟರು.

“ಇದು ಇದ್ದ ಹಾಗೇ ಬರಬೇಕು. ಅಮೆರಿಕದಿಂದ ಒಬ್ಬರು ಕೇಳಿದಾರೆ.”

ಯಾರು, ಏನು ವಿಶೇಷ ಎಂದರೆ, “ಅದು ಅವರ ವಿಷಯ,” ಎಂದು ಬಾಯಿ ಮುಚ್ಚಿದರು. ಅವರ ವೃತ್ತಿಯ ನಿಯಮ ಅದು, ಆಮೇಲೆ ಒಂದು ಸಲ ಬಿಟ್ಟರೆ ಸಾಯುವ ತನಕ ಮುರಿಯಲಿಲ್ಲ. ಅವರು ಅವತ್ತು ಆ ನಿಯಮ ಒಂದಿಷ್ಟು ಮುರಿದಿದ್ದರೆ... ಇರಲಿ. ತಪ್ಪು ನನ್ನದು, ಅದನ್ನು ಅವರ ಮೇಲೆ ಹಾಕುವುದಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನದೇ ಒಂದು ರೀಲ್ ಯಂತ್ರವಿತ್ತು. ದಿನಕ್ಕೆ ಮೂರು ರೀಲಿನಂತೆ ಕಂಪ್ಯೂಟರಿಗೆ ಇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಶುರುವಿನಲ್ಲಿ ಒಂದೆರಡು ನಿಮಿಷ ಕೇಳಿ, ಸದ್ದು ಸರಿಯಿದ್ದರೆ ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ಆ ಒಂದು ರೀಲು ಹಾಕಿದ್ದು ಹಾಡುಹಗಲು, ಹನ್ನೆರಡು ಗಂಟೆ ಸುಮಾರಿಗೆ. ಮಾತು ಇನ್ನೂ ಬಂದಿರಲಿಲ್ಲ. ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ ಯಾರೋ ಬಂದು ನಿಂತರು. ಗಿರಾಕಿ ಎಂದುಕೊಂಡೆ. ತಿರುಗದೆಯೇ ಕೈಯೆತ್ತಿ, ಒಂದು ನಿಮಿಷ ಬಂದೆ ಎಂದೆ. ಅವರು ನನ್ನ ಕೆಲಸ ಮುಗಿಯಲೆಂದು ಕಾಯುತ್ತಿರುವುದು ಬೆನ್ನಿಗೆ ತಿಳಿಯುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಅಂಗಡಿಯ ಮುಂಬಾಗಿಲು ಮುಚ್ಚಿತ್ತು, ಅದರ ಗಂಟೆಯೂ ಬಾರಿಸಿರಲಿಲ್ಲ. ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸದ ಬಗ್ಗೆ ಮಾತು ಶುರು ಮಾಡಿದ್ದಳು. ಚಾದರಗಳ ಮಡಿಕೆಯಲ್ಲಿ ಮರೆತ ಸೂಜಿಗಳು ಕೈಗೆ ಹೇಗೆ ಚುಚ್ಚುತ್ತವೆ ಎಂದು.

ಎಲ್ಲ ಇಳಿಸಿದ ಮೇಲೆ ನೋಡಿದರೆ ಸಿಡಿ ತುಂಬ ಆಗುತ್ತಿದ್ದವು. ಕಂಪ್ಯೂಟರಿನಲ್ಲಿ ಒಂದು ಸೌಲಭ್ಯವಿತ್ತು. ಇಷ್ಟಕ್ಕಿಂತ ಸಣ್ಣ ಸದ್ದಿರುವ ಜಾಗವನ್ನೆಲ್ಲ ತೆಗೆದುಹಾಕು ಎಂದು ಗುಂಡಿ ಒತ್ತಿದರೆ ನಲವತ್ತು ರೀಲಿನಲ್ಲೂ ತೆಗೆದುಹಾಕುತ್ತದೆ. ಒತ್ತಿದೆ. ಅಷ್ಟೂ ಸಂದರ್ಶನ ಅರ್ಧದಷ್ಟು ಸಿಡಿಗಳಲ್ಲಿ ಕೂತವು. ಆ ಒಂದು ರೀಲನ್ನು ಬೇರೆ ಇಡಬೇಕಿತ್ತಲ್ಲ ಎಂದು ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ನೆನಪಾಯಿತು. ಇದ್ದ ಹಾಗೇ ಎಂದರೆ ಮಾತು ಕತ್ತರಿಸಬಾರದು ಎಂದು ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಅನುಕೂಲವಾಗಿತ್ತು. ಜೋಡಿಸುವ ಕೆಲಸ ಮೂವತ್ತು ವರ್ಷ ಹಿಂದೆಯೇ ಮುಗಿದಿದೆ, ಇನ್ನು ಆ ನಿಶ್ಶಬ್ದ ಯಾರಿಗೆ ಬೇಕು? ಅದೇ ಸಂಜೆ ಅಳಿಸುವ ಯಂತ್ರದ ಮೇಲೆ ರೀಲುಗಳನ್ನು ಒಂದೊಂದಾಗಿ ತಿರುಗಿಸಿದೆ. ಇಸ್ತ್ರಿ ಪೆಟ್ಟಿಗೆಯಷ್ಟು ದೊಡ್ಡ ಅಯಸ್ಕಾಂತ ಅದು. ಟೇಪಿನ ಮೇಲೆ ಏನಿದ್ದರೂ ಅರ್ಧ ನಿಮಿಷದಲ್ಲಿ ಬರಿದು. ಮರುದಿನವೇ ಮ್ಯಾಂಚೆಸ್ಟರಿನ ಒಂದು ಹುಡುಗರ ಗುಂಪು ಎಲ್ಲವನ್ನೂ ಒಟ್ಟಿಗೆ ಕೊಂಡುಕೊಂಡು ಹೋಯಿತು.

ಸಿಡಿಗಳನ್ನು ಕೊಟ್ಟ ನಾಲ್ಕು ದಿನಕ್ಕೆ ಡಾಕ್ಟರಮ್ಮ ಬಂದರು. ಆ ದಿನ ದನಿ ಜೋರು ಮಾಡಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸಿಡಿಯನ್ನು ಕೌಂಟರಿನ ಮೇಲಿಟ್ಟು ಮೆಲ್ಲಗೆ ಹೇಳಿದರು:

“ಇದರಲ್ಲಿ ಮಗ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಯಾರ ಮಗ ಮೇಡಂ, ಮಾತಾಡಿದ್ದು ಹೆಂಗಸೊಬ್ಬಳೇ ಅಲ್ಲವೇ ಎಂದೆ. ಆಗ ಅವರು ನಿಂತುಕೊಂಡೇ, ನಿಯಮ ಮುರಿದು ಹೇಳಿದರು. ಆ ಬಟ್ಟೆ ಒಗೆಯುವ ಹೆಂಗಸಿನ ಅಡುಗೆಮನೆಯಲ್ಲಿ ಸಂದರ್ಶನ. ಯಂತ್ರ ಹಾಕಿ ಇಬ್ಬರೂ ಸುಮ್ಮನೆ ಕೂತಿದ್ದಾಗ ಅವಳ ಮಗ ಕೆಲಸದಿಂದ ಬಂದ. ಹತ್ತೊಂಬತ್ತು ವರ್ಷದವನು. ತಾಯಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಬಾಗಿಲಲ್ಲೇ ನಿಂತು ನಿಮಿಷ ಕಳೆಯುವುದನ್ನು ಕಾದ. ಮೆಟ್ಟಿಲು ಹತ್ತಿ ಬಂದಿದ್ದರಿಂದ ಏದುಸಿರು. ಸದ್ದಾಗದಂತೆ ನೀರು ಕುಡಿದು ಲೋಟ ಇಟ್ಟು ಹೊರಗೆ ಹೋದ. ಒಂದು ಮಾತೂ ಆಡಲಿಲ್ಲ. ಆರು ವಾರದ ನಂತರ ಕಾರಿನ ಹಿಂದಿನ ದೀಪ ಒಡೆದಿದೆ ಎಂದು ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಮರುದಿನ ತಾಯಿಗೆ ಸಿಕ್ಕಿದ್ದು ಹೆಣ, ಜೊತೆಗೆ ಹೃದಯ ತಾನಾಗಿಯೇ ನಿಂತಿತು ಎಂದು ಬರೆದ ಒಂದು ಕಾಗದ. ಹೆಣದ ಮೈಮೇಲೆ ಏನಿತ್ತು ಎಂಬುದನ್ನು ಡಾಕ್ಟರಮ್ಮ ಕಣ್ಣಾರೆ ಕಂಡಿದ್ದರು. ಹೇಳಿದರು ಕೂಡ, ಬಹಿರಂಗವಾಗಿ. ಅದಾದ ಮೇಲೆ ಆಸ್ಪತ್ರೆ ಅವರ ಕೆಲಸವನ್ನು ಮುಂದುವರಿಸಲಿಲ್ಲ, ದೇಶ ಬಿಡಬೇಕಾಯಿತು. ಆ ನಿಮಿಷದ ಒಂದು ಪ್ರತಿ ಮಾಡಿಕೊಡುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದರು. ಹೊರಡುವ ಅವಸರದಲ್ಲಿ ಆಗಲಿಲ್ಲ, ಆಮೇಲೆ ನಾಚಿಕೆಗೆ ಬರೆಯಲಿಲ್ಲ. ಮೂವತ್ತು ವರ್ಷ. ಈಗ ವಿಳಾಸ ಹುಡುಕಿ ಬರೆದರೆ, ತಾಯಿ ಮೊಮ್ಮಗಳ ಕೈಯಲ್ಲಿ ಬರೆಸಿದ ಉತ್ತರ ಬಂದಿತ್ತು. ಕಣ್ಣು ಹೋಗಿದೆ, ಫೋಟೋ ಇದ್ದೂ ಪ್ರಯೋಜನವಿಲ್ಲ, ನನ್ನ ಮಾತು ನನಗೆ ಬೇಡ, ಆ ಮೊದಲ ನಿಮಿಷ ಕಳಿಸಿ.

ಅಂಗಡಿ ಮುಚ್ಚಿ ಮ್ಯಾಂಚೆಸ್ಟರಿಗೆ ಓಡಿದೆ. ಫಾಲೋಫೀಲ್ಡ್ ಬಡಾವಣೆಯಲ್ಲಿ ಒಂದು ವಿದ್ಯಾರ್ಥಿಗಳ ಮನೆ, ಹೊರಗೆ ತುಂಬಿ ಚೆಲ್ಲಿದ ಕಸದ ಡಬ್ಬಿಗಳು. ಹುಡುಗರು ಒಳ್ಳೆಯವರು, ಆ ರೀಲನ್ನು ಹುಡುಕಿಕೊಟ್ಟರು, ಹೊಸ ರೀಲು ಕೊಟ್ಟದ್ದಕ್ಕೆ ಬದಲಾಗಿ ವಾಪಸ್ಸೂ ಕೊಟ್ಟರು. ಮೊದಲ ಕ್ಷಣದಿಂದಲೇ ಗಿಟಾರು. ಗಿಟಾರಿಲ್ಲದ ಸಂದಿಯಲ್ಲೂ ನಾನು ಕೈಯಾರೆ ಬರಿದು ಮಾಡಿದ ಬರಿದು. ಕಂಪ್ಯೂಟರಿನಲ್ಲೂ ಉಳಿದಿರಲಿಲ್ಲ. ಜಾಗ ಸಾಲದೆಂದು ಕತ್ತರಿಸದ ಪ್ರತಿಗಳನ್ನು ಆಗಲೇ ತೆಗೆದಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.  ಆ ವಾರ ಅವಳು ಟಿವಿಡೇಲ್ ಊರಿನ ಬಾಲಾಜಿ ಗುಡಿಗೆ ಹೋದಾಗ ಆ ಹುಡುಗನ ಹೆಸರಿನಲ್ಲಿ ಅರ್ಚನೆ ಮಾಡಿಸಲು ನಿಂತಳಂತೆ. ಅರ್ಚಕರು ಹೆಸರು ಕೇಳಿದರು. ಹೆಸರನ್ನು ಡಾಕ್ಟರಮ್ಮ ಹೇಳಿರಲಿಲ್ಲ. “ಹೆಸರಿಲ್ಲ ಅಂದೆ ರೀ, ಸರದಿಯಿಂದ ಹೊರಗ ಬಂದೆ,” ಎಂದಳು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಯಾವ ವ್ಯಾಪಾರಿಯೂ ಖಾಲಿ ಕೈ ತೋರಿಸಲು ಇಷ್ಟಪಡುವುದಿಲ್ಲ. ಮುಂದಿನ ಬುಧವಾರ ಮಧ್ಯಾಹ್ನ, ಹೆಂಡತಿ ಡ್ಯೂಟಿಗೆ ಹೋಗಿದ್ದಾಗ, ನಮ್ಮ ಅಡುಗೆಮನೆಯಲ್ಲಿ ಯಂತ್ರ ಇಟ್ಟೆ. ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದು ಏದುಸಿರು ಬರಿಸಿಕೊಂಡೆ. ಬಾಗಿಲಲ್ಲಿ ನಿಂತೆ. ನೀರು ಕುಡಿದು ಲೋಟ ಇಟ್ಟೆ. ಒಂದು ನಿಮಿಷ. ಉಸಿರು ಎಂದರೆ ಉಸಿರು, ಅದರ ಮೇಲೆ ಯಾರ ಹೆಸರಿರುತ್ತದೆ? ಹಳೆಯ ಟೇಪಿನ ಗುಂಯ್ ಸದ್ದು ಮೇಲೆ ಬೆರೆಸಿ, ಆ ಹೆಂಗಸಿನ ಮಾತಿನ ಮುಂದೆ ಜೋಡಿಸಿ, ಸಿಡಿ ಮಾಡಿದೆ. ಕಂಪ್ಯೂಟರಿನ ಮೂಲೆಯಲ್ಲಿ ಸಿಕ್ಕಿತು ಮೇಡಂ ಎಂದು ಡಾಕ್ಟರಮ್ಮನ ಕೈಗಿಟ್ಟೆ. ಅವರು ನಮ್ಮ ಸೋಫಾದ ಮೇಲೆಯೇ ಕೂತು ಕೇಳಿದರು. ಕಣ್ಣಿನಿಂದ ನೀರು ಬಂತು. “ನೀರು ಕುಡಿದ,” ಎಂದರು. ಅವತ್ತೇ ಪೋಸ್ಟ್ ಮಾಡಿದರು. ನನಗೆ ಎದೆಯ ಭಾರ ಇಳಿಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ, ನಿಜವಾಗಿಯೂ ಇಳಿಯಿತು.

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಡಾಕ್ಟರಮ್ಮ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಅಮೆರಿಕದ ಕಾಗದ. ಕೂರಲಿಲ್ಲ. ಕನ್ನಡದಲ್ಲಿ ಹೇಳುತ್ತ ಓದಿದರು. ತಾಯಿ ಆ ನಿಮಿಷವನ್ನು ದಿನವೂ ಕೇಳುತ್ತಾಳಂತೆ. ಧನ್ಯವಾದ. ಒಂದು ವಿಷಯ ಮಾತ್ರ ತಿಳಿಯದು.

“‘ನೀರು ಕುಡಿದು ಲೋಟ ಇಟ್ಟೋನು ನನ್ನ ಮಗ ಅಲ್ಲ. ಅವನು ಲೋಟ ಇಡೋ ಸದ್ದು ನಂಗೆ ಗೊತ್ತು. ನನ್ನ ಮಗ ಅವನ ಹಿಂದೆ, ಬಾಗಿಲ ಹತ್ರ ನಿಂತಿದಾನೆ, ಮೆಲ್ಲಗೆ ಉಸಿರಾಡ್ತಾ. ಅವನ ಜೊತೆ ಇರೋರು ಯಾರು?’”

ಕಾಗದ ಮಡಿಸಿದರು. “ಯಾರ್ರೀ ಅದು?”

ನಾನು ಹೇಳಿದೆ. ಎಲ್ಲವನ್ನೂ, ಮೆಟ್ಟಿಲು ಹತ್ತಿ ಇಳಿದದ್ದನ್ನೂ ಹೇಳಿದೆ. ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದೆ ಎಂದು ಎರಡು ಸಲ ಹೇಳಿದೆ, ಯಾಕೆ ಎರಡು ಸಲ ಹೇಳಿದೆನೋ...

ಅವರು ನಿಂತೇ ಇದ್ದರು. ಅವರ ದನಿ ಏರಲಿಲ್ಲ.

“ಆ ಹುಡುಗ ಹೇಗೆ ಹೋದ ಅಂತ ಅವಳ ಹತ್ರ ಆಗಲೇ ಒಂದು ಸುಳ್ಳು ಕಾಗದ ಇದೆ. ಅದನ್ನ ಸುಳ್ಳು ಅಂದಿದ್ದಕ್ಕೇ ನಾನು ಆ ದೇಶ ಬಿಟ್ಟೆ. ಈಗ ನನ್ನ ಕೈಯಲ್ಲೇ ಎರಡನೇದು ಕಳಿಸಿದೀನಿ.”

ಕ್ಷಮೆ ಕೇಳಲು ಹೋದೆ, ಕೈ ಅಡ್ಡ ಹಿಡಿದರು. ತಾನೂ ಕೇಳಬೇಕೆಂದು ಬಯಸಿದ್ದನ್ನೇ ಕೇಳಿಸಿಕೊಂಡೆ, ಕೋಣೆ ಬೇರೆ ಎಂದು ಕಿವಿ ಹೇಳಿದ್ದನ್ನು ಕೇಳಲಿಲ್ಲ ಎಂದರು. ನನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ಹಾಕಿಸಿದರು. ಹಗಲು ಬೆಳಕಿನಲ್ಲಿ, ಅದೇ ಅಡುಗೆಮನೆಯಲ್ಲಿ, ನಾವಿಬ್ಬರೂ ನಿಂತು ಆ ನಿಮಿಷವನ್ನು ಪೂರ್ತಿ ಕೇಳಿದೆವು. ಅವರು ಸ್ಟೆಥಾಸ್ಕೋಪಿಗೆ ಕಿವಿಗೊಟ್ಟವರ ಹಾಗೆ ಕಣ್ಣು ಮುಚ್ಚಿದ್ದರು. ನಾನು ನನ್ನ ಉಸಿರನ್ನು ಎಣಿಸುತ್ತಿದ್ದೆ. ಒಂದೆಡೆ ಎಣಿಕೆ ತಪ್ಪಿತು. ಲೋಟ ಇಟ್ಟ ಮೇಲೆ, ನಾನು ಉಸಿರು ಹಿಡಿದಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದ್ದ ಜಾಗದಲ್ಲಿ... ಹೆಚ್ಚು ಹೇಳಲಾರೆ. ಟೇಪಿನ ಗುಂಯ್ ಸದ್ದಿನಲ್ಲಿ ಕಿವಿ ಏನೇನೋ ಕಟ್ಟಿಕೊಳ್ಳುತ್ತದೆ, ಅದು ನನ್ನ ಕಸುಬಿನವರಿಗೆಲ್ಲ ಗೊತ್ತು.

ಮುಗಿದ ಮೇಲೆ ಏನು ಕೇಳಿಸಿತು ಎಂದೆ.

“ನಂಗೆ ನೀವೊಬ್ಬರೇ ಕೇಳಿಸಿದ್ರಿ,” ಎಂದರು. ಯಂತ್ರ ಆರಿಸಿ ಹೇಳಿದರು, “ಆದ್ರೆ ನಾನು ಅವನ ತಾಯಿ ಅಲ್ಲ.”

ಅಲ್ಲಿಗೇ ಬಿಟ್ಟುಬಿಡಿ ಎಂದು ನಾನು ಬೇಡಿಕೊಂಡೆ, ಅದನ್ನೂ ಬರೆದುಬಿಡಬೇಕು. ಆಕೆಗೆ ಮಗ ಸಿಕ್ಕಿದ್ದಾನೆ, ದಿನವೂ ಕೇಳುತ್ತಾಳೆ, ಕಣ್ಣಿಲ್ಲದ ಮುದುಕಿಯಿಂದ ಅದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ ಮೇಡಂ ಎಂದೆ. ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಚೌಕಾಸಿ ಮಾಡಿದ್ದು ಅದೊಂದೇ ಸಲ. ಅವರು ಪೂರ್ತಿ ಕೇಳಿಸಿಕೊಂಡರು, ಸಂದರ್ಶನದಲ್ಲಿ ಕೇಳಿಸಿಕೊಳ್ಳುವ ಹಾಗೆ, ನಡುವೆ ಬಾಯಿ ಹಾಕದೆ. ಆಮೇಲೆ ನಮ್ಮ ಮೇಜಿನ ಮೇಲೇ ಕಾಗದ ಬರೆದರು. ಮೊದಲ ರೀಲು ಅಳಿದುಹೋಗಿದೆ, ಕಳಿಸಿದ್ದು ಸುಳ್ಳು ಪ್ರತಿ, ಅದರಲ್ಲಿ ಇರುವುದು ಒಬ್ಬ ಅಂಗಡಿಯವನ ಉಸಿರು. ಕೆಳಗೆ ನನ್ನ ಕೈಯಲ್ಲೂ ಎರಡು ಸಾಲು ಬರೆಸಿ ಸಹಿ ಹಾಕಿಸಿದರು.

ಉತ್ತರ ಬರಲಿಲ್ಲ. ಕಾಗದ ತಲುಪಿತೋ, ಮೊಮ್ಮಗಳು ಓದಿ ಹೇಳಿದಳೋ, ಹೇಳದೆ ಮಡಿಸಿಟ್ಟಳೋ... ಪೋಸ್ಟು ಬರುವ ಹೊತ್ತಿಗೆ ಡಾಕ್ಟರಮ್ಮ ಮುಂಬಾಗಿಲ ಗಾಜಿನ ಹಿಂದೆ ನಿಂತಿರುವುದು ಬೀದಿಯಿಂದ ಕಾಣುತ್ತಿತ್ತು. ಗೋಡೆಯಾಚೆ ಅಮೆರಿಕದ ದನಿಗಳು ಮತ್ತೆ ಕೇಳಲಿಲ್ಲ. ಅದಾದ ಮೇಲೆ ಸಿಡಿಗಳನ್ನು ಅವರು ಒಂದು ಸಲವೂ ಹಾಕಲಿಲ್ಲವೆಂದು ಕಾಣುತ್ತದೆ. ಬೀದಿಯಲ್ಲಿ ಸಿಕ್ಕಾಗ ಮಾತಾಡಿಸುತ್ತಿದ್ದರು, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಿದ್ದರು, ಹೆಂಡತಿಗೆ ಮೊದಲಿಗಿಂತ ಹತ್ತಿರವಾದರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಮರುವರ್ಷ ಚಳಿ ಇಳಿಯುವ ಹೊತ್ತಿಗೆ ತೀರಿಕೊಂಡರು. ಅವರನ್ನು ಅಂತ್ಯಕ್ರಿಯೆಗೆ ಒಯ್ಯುವ ದಿನ ನಾವು ಗಂಡ ಹೆಂಡತಿ ಅವರ ಮುಂದಿನ ಕೋಣೆಯಲ್ಲಿ ನಿಂತಿದ್ದೆವು. ಬಂದವರು ನಾಲ್ಕೈದು ಜನ, ಯಾರೂ ಮಾತಾಡಲಿಲ್ಲ. ಸುಮಾರು ಒಂದು ನಿಮಿಷ ಇರಬೇಕು. ಹೆಂಡತಿ ನನ್ನ ತೋಳು ಹಿಡಿದು ಬಾಗಿಲ ಕಡೆ ನೋಡಿದಳು. ನಾನು ನೋಡಲಿಲ್ಲ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ದಿನವಿಡೀ ಗಲಾಟೆ, ಒಳ್ಳೆಯದೇ. ಡಾಕ್ಟರಮ್ಮನ ನಲವತ್ತು ಸಂದರ್ಶನಗಳು ನನ್ನ ಬಳಿ ಇವೆ, ಒಂದು ಮಾತೂ ಬಿಟ್ಟುಹೋಗಿಲ್ಲ. ಅಷ್ಟೂ ಜನ ಒಬ್ಬರ ಬೆನ್ನಿಗೆ ಒಬ್ಬರು ಉಸಿರೆಳೆದುಕೊಳ್ಳಲೂ ನಿಲ್ಲದೆ ಮಾತಾಡುತ್ತಾರೆ. ಅವರು ಯಾವ ಮನೆಯಲ್ಲಿ ಕೂತಿದ್ದರು, ಪಕ್ಕದಲ್ಲಿ ಯಾರಿದ್ದರು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದು ನನ್ನಿಂದ ಆದ ನಷ್ಟ. ತುಂಬಿಕೊಡಲು ನನ್ನಲ್ಲಿ ಏನೂ ಇಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಟೇಪುಗಳಿರುತ್ತವೆ, ಯಾರದಾದರೂ ಮದುವೆ, ಯಾರದಾದರೂ ಮಾತು. ಕಾಪಿ ಮಾಡಿಸಿ, ತಡ ಮಾಡಬೇಡಿ. ಆದರೆ ಮೂಲ ಟೇಪನ್ನು ಎಷ್ಟು ರಿಯಾಯಿತಿ ಕೊಟ್ಟರೂ ಅಂಗಡಿಯವನಿಗೆ ಬಿಡಬೇಡಿ. ಖಾಲಿ ಜಾಗ ತೆಗೆದರೆ ಅಗ್ಗವಾಗುತ್ತದೆ ಎಂದರೆ ಅಂಗಡಿಯಿಂದ ಎದ್ದು ಬನ್ನಿ. ಯಾರದಾದರೂ ವಸ್ತು ನಿಮ್ಮ ಕೈಯಲ್ಲಿ ಕಳೆದುಹೋದರೆ ಕಳೆದುಹೋಯಿತು ಎಂದು ಅವತ್ತೇ ಹೇಳಿ; ಅದರ ಜಾಗದಲ್ಲಿ ಇನ್ನೊಂದನ್ನು ಇಡಬೇಡಿ. ಮತ್ತೆ, ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳುವಾಗ ಮೊದಲು ಒಂದು ನಿಮಿಷ ಸುಮ್ಮನೆ ಕೂರಿ. ಆಮೇಲೆ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ, ಆ ಹೊತ್ತಿಗೆ ಕೋಣೆಯಲ್ಲಿ ಯಾರ್ಯಾರಿದ್ದರು ಎಂದು. ಮಾತಾಡದವರ ಹೆಸರೂ ಇರಲಿ.